ಅಗೆಯದೆ ಬಿಟ್ಟ ಹಿತ್ತಿಲು

ಮಾರ್ಚ್ ೯, ಸೋಮವಾರ

ನನ್ನ ಗಿಣಿಗೆ,

ನಿನ್ನ ಮೊಂಡಿಯ ನಮಸ್ಕಾರ. ದೇವರ ದಯೆಯಿಂದ ನಾವೆಲ್ಲ ನೆಟ್ಟಗಿದ್ದೇವೆ. ನೀನೂ, ನಿನ್ನ ಯಜಮಾನರೂ, ಮಗ ಸೊಸೆ ಮೊಮ್ಮಕ್ಕಳೂ ಹಾಗೇ ಇದ್ದೀರಿ ಅಂತ ನಂಬಿದ್ದೇನೆ. ನಿನ್ನ ಕಾಗದ ಬಂದು ಎಷ್ಟೋ ಕಾಲವಾಯಿತು. ಉತ್ತರ ಬರೆಯಲಿಲ್ಲ ಅಂತ ಸಿಟ್ಟಾಗಿರುತ್ತೀ. ಆಗು, ನಿನಗೆ ಆ ಹಕ್ಕಿದೆ. ಆದರೆ ಪೂರ್ತಿ ಓದಿ ಆಮೇಲೆ ಬೈ. ಮಗಳು "ಫೋನ್ ಹಚ್ಚಿಕೊಡ್ತೀನಿ, ಮಾತಾಡಮ್ಮ" ಅಂದಳು. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಎಲ್ಲಿ ಬಿಡುತ್ತೀ? ನಿನಗೆ ಗಿಣಿ ಅಂತ ಸುಮ್ಮನೆ ಹೆಸರಿಟ್ಟೆನಾ? ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ.

ಸುದ್ದಿ ಏನೆಂದರೆ, ನಾವು ಮನೆ ಬಿಡುತ್ತಿದ್ದೇವೆ.

ನಮ್ಮ ದಿಬ್ಬದ ಅಡಿಯಲ್ಲಿ ಹಳೇ ಪಟ್ಟಣ ಇದೆ ಅಂತ ನೀನು ಆಚೆಮನೆಯಲ್ಲಿದ್ದಾಗಲೇ ಹೇಳುತ್ತಿದ್ದರಲ್ಲ. ಮಳೆ ಬಂದಾಗಲೆಲ್ಲ ಮಡಕೆ ಚೂರು ಮೇಲೇಳುತ್ತಿದ್ದವು, ನಿನ್ನ ಮಗ ನನ್ನ ಮಗಳು ಅದರಲ್ಲೇ ಕುಂಟಾಬಿಲ್ಲೆ ಆಡುತ್ತಿದ್ದರು. ಈಗ ಅಗೆಯುವವರು ಬಂದು ದಿಬ್ಬದ ಇಳಿಜಾರನ್ನೆಲ್ಲ ಬಿಚ್ಚಿಟ್ಟಿದ್ದಾರೆ. ಬೀದಿ ಸಿಕ್ಕಿದೆ, ಚರಂಡಿ ಸಿಕ್ಕಿದೆ, ಒಲೆಗಳು ಸಿಕ್ಕಿವೆ. ಸಾವಿರಾರು ವರ್ಷ ಹಳೆಯವಂತೆ. ಆ ಪಟ್ಟಣ ನಮ್ಮ ಮೇಲಿನ ಬೀದಿಯ ಅಡಿಗೂ ಹೋಗಿದೆಯಂತೆ. ಅದಕ್ಕೆ ಈ ಬೀದಿಯವರೆಲ್ಲ ಕೆಳಗೆ ಬಯಲಿನಲ್ಲಿ ಕಟ್ಟಿಸಿಕೊಟ್ಟ ಮನೆಗಳಿಗೆ ಇಳಿಯಬೇಕು. ಮನೆ ಚೆನ್ನಾಗಿದೆ, ದೇವರ ಮುಂದೆ ಸುಳ್ಳು ಯಾಕೆ? ಕಿಟಕಿ ದೊಡ್ಡದು. ನೀರಿನ ನಲ್ಲಿ ಅಡುಗೆಮನೆಯ ಒಳಗೇ ಇದೆ.

ಅತ್ತೆ ಮಾತ್ರ ಹಾಸಿಗೆಯಿಂದಲೇ ಯುದ್ಧ ಸಾರಿದ್ದಾರೆ. "ಆ ಹಳೇ ಊರಿನವರು ಹೋಗುವಾಗ ಅತ್ತೆಯಂದಿರನ್ನೂ ಹೊತ್ಕೊಂಡು ಹೋದ್ರಂತಾ, ಇಲ್ಲಾ ಬಿಟ್ಟು ಹೋದ್ರಂತಾ, ಕೇಳ್ಕೊಂಡು ಬಾ" ಅಂದರು. ನಾನು, "ಕೇಳಿದೆ ಅತ್ತೆ, ನಾಲಿಗೆ ಉದ್ದ ಇರೋರನ್ನ ಬಿಟ್ಟು ಹೋದ್ರಂತೆ" ಅಂದೆ. ಬೊಚ್ಚುಬಾಯಿ ಬಿಟ್ಟು ನಕ್ಕರು. ವಯಸ್ಸು ಅವರನ್ನು ಮೆತ್ತಗೆ ಮಾಡಿಬಿಟ್ಟಿದೆ ಕಣೇ. ಹಿಂದಿನ ಅತ್ತೆಯನ್ನು ನೋಡಿದವಳು ನೀನು, ನಂಬುವುದಿಲ್ಲ.

ನಮ್ಮನೆಯವರು ಬಡಗಿಯಲ್ಲವೇ, ಬಾಗಿಲು ಕಿಟಕಿ ಒಂದೊಂದಾಗಿ ಕಳಚುತ್ತಿದ್ದಾರೆ. ಸಾಮಾನು ತುಂಬಲು ಹಳೇ ಹಲಗೆಯಲ್ಲಿ ಪೆಟ್ಟಿಗೆ ಮಾಡುತ್ತಿದ್ದಾರೆ. ಎಲ್ಲ ದೊಡ್ಡ ದೊಡ್ಡವು. ಒಂದು ಮಾತ್ರ ಪುಟ್ಟದು, ಮುಚ್ಚಳಕ್ಕೆ ಉಜ್ಜಿ ಉಜ್ಜಿ ಹೊಳಪು ಬರಿಸಿದ್ದಾರೆ. "ಇದು ಯಾತಕ್ಕೆ?" ಅಂದೆ. "ಇರ್ಲಿ ಬಿಡು" ಅಂದರು. ಅವರ ಮಾತು ನಿನಗೆ ಗೊತ್ತಲ್ಲ, ಮೊಳೆ ಹೊಡೆದ ಹಾಗೆ ಒಂದೊಂದೇ.

ನಾನೂ ಈಗ ಅಗೆಯುವವರ ಹತ್ತಿರ ಕೆಲಸಕ್ಕೆ ಹೋಗುತ್ತೇನೆ. ನಗಬೇಡ. ಅಲ್ಲಿಯ ಮುಖ್ಯಸ್ಥೆ ಒಬ್ಬ ಮೇಡಂ. ನಮ್ಮ ವಯಸ್ಸೇ ಇರಬಹುದು, ಬಿಸಿಲಿಗೆ ಮುಖ ಇಟ್ಟಿಗೆ ಬಣ್ಣವಾಗಿದೆ. ಮೊದಲು ನನಗೆ ಮಡಕೆ ಚೂರು ತೊಳೆಯುವ ಕೆಲಸ ಕೊಟ್ಟಿದ್ದರು. ಮೆತ್ತನೆ ಬ್ರಷ್ಷು, ಎರಡು ಬಕೆಟ್ ನೀರು. ಒಂದು ದಿನ ಒಂದು ಇಡೀ ಮಡಕೆ ಬಂತು. "ಇದರ ಹೊರಗಡೆ ಮಾತ್ರ ಒರೆಸಿ, ಒಳಗೆ ಮುಟ್ಟಬೇಡಿ" ಅಂತ ಹೇಳಿದ್ದರು. ಒಳಗೆ ನೋಡುತ್ತೇನೆ, ತಳದಲ್ಲಿ ಏನೋ ಸೀದು ಕರಕಲಾಗಿ ಅಂಟಿದೆ. ನನ್ನ ಕೈ ಕೇಳಬೇಕಲ್ಲ! ನಮ್ಮ ಅಮ್ಮ ಸೀದ ಪಾತ್ರೆ ಹಾಗೇ ಇಟ್ಟರೆ ಬೆನ್ನಿಗೆ ಬಾರಿಸುತ್ತಿದ್ದಳು. ಏನೋ ಯೋಚಿಸುತ್ತಾ ತಿಕ್ಕಿದೆ ನೋಡು, ಫಳಫಳ! ಮೇಡಂ ಬಂದು ನೋಡಿ ತಲೆ ಮೇಲೆ ಕೈ ಹೊತ್ತು ಕೂತರು. ಆ ಕರಕಲಿನಿಂದಲೇ ಅವರು ಏನು ತಿನ್ನುತ್ತಿದ್ದರು ಅಂತ ತಿಳಿಯಬಹುದಿತ್ತಂತೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸ್ವಲ್ಪ ಹೊತ್ತಾದ ಮೇಲೆ ಅವರೇ ನಕ್ಕುಬಿಟ್ಟರು. "ಹೋಗ್ಲಿ ಬಿಡಿ, ಆ ಮಡಕೆಯ ಯಜಮಾನಿ ಎಲ್ಲಿದ್ರೂ ನಿಮಗೆ ಒಳ್ಳೇದು ಹಾರೈಸ್ತಾಳೆ" ಅಂದರು. ಆದರೆ ತೊಳೆಯುವ ಕೆಲಸದಿಂದ ನನ್ನನ್ನು ತೆಗೆದು, ಗುಂಡಿಯಲ್ಲಿ ಅಗೆಯುವವರ ಮೇಲೆ ಕೊಡೆ ಹಿಡಿಯಲು ನಿಲ್ಲಿಸಿದರು. ಅಲ್ಲಿ ನಾನು ಹಾಳು ಮಾಡುವಂಥದ್ದು ಏನೂ ಇರಲಿಲ್ಲ.

ಅತ್ತೆ ಕೂಗುತ್ತಿದ್ದಾರೆ, ಮುಂದಿನದು ಆಮೇಲೆ.

ಬುಧವಾರ

ಎರಡು ದಿನ ಕಾಗದ ಮಡಚಿಟ್ಟಿದ್ದೆ. ಬರೆಯಬೇಕಾದ ಜಾಗಕ್ಕೆ ಬಂದಾಗ ಕೈ ಬೇರೆ ಕೆಲಸ ಹುಡುಕುತ್ತದೆ.

ಆ ಪಟ್ಟಣದ ಮನೆಗಳನ್ನು ನೀನು ನೋಡಬೇಕಿತ್ತು. ನಮ್ಮ ಮನೆಯ ಹಾಗೇ ಒಂದು ಅಂಗಳ, ಮೂಲೆಯಲ್ಲಿ ಒಲೆ, ಗೋಡೆಗೆ ಒರಗಿ ಕೂರಲು ಒಂದು ಕಟ್ಟೆ. ಬೆಂಕಿ ಬಿದ್ದದ್ದಲ್ಲ, ಯುದ್ಧವೂ ಅಲ್ಲ. ಹೊಳೆ ದಿಕ್ಕು ಬದಲಿಸಿ ದೂರ ಹೋಯಿತಂತೆ. ನೀರು ಹೋಯಿತು, ಹಿಂದೆಯೇ ಜನ ಹೋದರು. ಒಂದೇ ದಿನ ಅಲ್ಲ, ಒಂದು ಮನೆ ಇವತ್ತು, ಇನ್ನೊಂದು ಮುಂದಿನ ವರ್ಷ. ಕೊನೆಗೆ ಉಳಿದವರಿಗೆ ಎಷ್ಟು ಬೇಸರವಾಗಿರಬೇಕು, ಸಂಜೆ ಹೊತ್ತು ಮಾತಿಗೆ ಒಬ್ಬರೂ ಇಲ್ಲದೆ. ನೀನು ಆಚೆಮನೆ ಖಾಲಿ ಮಾಡಿ ಹೋದ ವರ್ಷ ನನಗಾಗಿತ್ತಲ್ಲ, ಹಾಗೆ. ಒಂದು ಮನೆಗೂ ಬಾಗಿಲಿಲ್ಲ. ಬಾಗಿಲು ತಿರುಗುತ್ತಿದ್ದ ಕಲ್ಲಿನ ಗುಳಿ ಮಾತ್ರ ಇದೆ. ಮರ ಅಪರೂಪವಾಗಿತ್ತು, ಕಳಚಿ ಹೊತ್ತುಕೊಂಡು ಹೋದರು ಅಂತ ಮೇಡಂ ಹೇಳಿದರು. ನಮ್ಮನೆಯವರಿಗೆ ಹೇಳಿದೆ. "ಬುದ್ಧಿವಂತರು" ಅಂದರು. ಅಷ್ಟೇ.

ಒಂದು ಮನೆಯಲ್ಲಿ, ಒಲೆಯ ಪಕ್ಕದ ನೆಲದಲ್ಲಿ ಒಂದು ಪುಟ್ಟ ಮಡಕೆ ಹೂತಿಟ್ಟಿದ್ದು ಸಿಕ್ಕಿತು. ಬಾಯಿಗೆ ತಟ್ಟೆ ಮುಚ್ಚಿತ್ತು. ಮೇಡಂ ಹೊಟ್ಟೆ ಮೇಲೆ ಮಲಗಿಕೊಂಡು ಬ್ರಷ್ಷಿನಿಂದ ಮಣ್ಣು ಸರಿಸುತ್ತಿದ್ದರು, ನಾನು ಕೊಡೆ ಹಿಡಿದಿದ್ದೆ. ತಟ್ಟೆ ಎತ್ತಿದರು. ಒಳಗೆ ಸಣ್ಣ ಸಣ್ಣ ಎಲುಬು, ಒಣಗಿದ ಕಡ್ಡಿಯ ಹಾಗೆ.

"ಹಕ್ಕಿನಾ ಮೇಡಂ?" ಅಂದೆ.

ಅವರು ತಟ್ಟೆಯನ್ನು ಪಕ್ಕಕ್ಕಿಟ್ಟರು. "ಅಲ್ಲಮ್ಮ, ಕೂಸು. ಹುಟ್ಟಿದಾಗಲೇ ಹೋಗಿರಬೇಕು."

ಫೋಟೊ ತೆಗೆಯುವವನು ಮೇಲಿನಿಂದ, "ಅಮ್ಮಾ, ನೆರಳು ಅಲ್ಲಾಡ್ತಾ ಇದೆ, ಕೊಡೆ ಗಟ್ಟಿ ಹಿಡೀರಿ" ಅಂತ ಕೂಗಿದ. ಮೇಡಂ ನನ್ನ ಮುಖ ನೋಡಿ "ಬಿಸಿಲು ಹೆಚ್ಚಾಯ್ತಾ?" ಅಂದರು. ಹೂಂ ಅಂದೆ.

ಆಮೇಲೆ ಚಹಾ ಕುಡಿಯುವಾಗ ಕೇಳಿದೆ, ಒಲೆ ಪಕ್ಕ ಯಾಕೆ ಇಟ್ಟರು ಅಂತ. "ನಮಗೆ ಗೊತ್ತಿಲ್ಲ. ಬೆಚ್ಚಗಿರ್ಲಿ ಅಂತ ಇರಬಹುದು. ಹತ್ತಿರ ಇರ್ಲಿ ಅಂತ ಇರಬಹುದು" ಅಂದರು.

"ಬಾಗಿಲು ತಗೊಂಡು ಹೋದರು, ಕೂಸನ್ನ ಬಿಟ್ಟು ಹೋದರಲ್ಲ?"

"ಊರು ಬಿಡೋ ಹೊತ್ತಿಗೆ, ಇಟ್ಟ ತಾಯಿ ಎಲ್ಲಿದ್ಲು ಹೇಳಿ? ಅವಳ ಮೊಮ್ಮಕ್ಕಳೋ ಮರಿಮಕ್ಕಳೋ ಹೋಗಿರ್ತಾರೆ. ಕಾಲಡಿಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವರು ಹೋದ ಮೇಲೆ ಅದು ಬರೀ ನೆಲ."

ಆ ಮಾತು ನನ್ನ ಎದೆಯಲ್ಲೇ ಕೂತುಬಿಟ್ಟಿದೆ ಗಿಣಿ.

ಎಲುಬುಗಳನ್ನು ಮೆತ್ತನೆ ಕಾಗದದಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟು, ಮೇಲೆ ನಂಬರ್ ಬರೆದರು. ವ್ಯಾನಿನಲ್ಲಿ ದೂರದ ಯಾವುದೋ ಕಚೇರಿಗೆ ಹೋಯಿತು. ಅಲ್ಲಿ ಬೀರುವಿನಲ್ಲಿಡುತ್ತಾರಂತೆ. ಅವರು ಗೌರವದಿಂದಲೇ ಮಾಡುತ್ತಾರೆ, ತಪ್ಪು ಹೇಳಲಾರೆ. ವ್ಯಾನು ಹೊರಡುವ ಮುಂಚೆ ನಾನು ಡಬ್ಬಿಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದೆ. ಆ ತಾಯಿಯ ದೇವರು ಯಾರೋ, ಹೆಸರೇನೋ. ನನ್ನ ದೇವರಿಗೇ ಹೇಳಿದೆ, ನೀನೇ ವಿಚಾರಿಸಿ ತಲುಪಿಸಪ್ಪಾ, ನಿಮ್ಮ ನಿಮ್ಮಲ್ಲಿ ಪರಿಚಯ ಇರುತ್ತದೆ ಅಂತ. ಮಾರನೆಯ ದಿನದಿಂದ ಮೇಡಂ ನನ್ನ ಕೈಗೆ ಕೊಡೆಯ ಬದಲು ಬ್ರಷ್ಷು ಕೊಟ್ಟರು. ಉಸಿರು ಬಿಗಿ ಹಿಡಿದು, ಮಗುವಿನ ಹಣೆ ಒರೆಸಿದ ಹಾಗೆ ಸರಿಸಬೇಕು ಅಂತ ಕಲಿಸಿಕೊಟ್ಟರು.

ಇನ್ನು ಕೊನೆಯ ಸುದ್ದಿ. ಮೊನ್ನೆ ಮೇಡಂ ಮನೆಗೆ ಬಂದಿದ್ದರು. ಅತ್ತೆಯ ಜೊತೆ ಮಾತಾಡಿ, ಹಿತ್ತಿಲಿಗೆ ಹೋಗಿ ನಿಂತುಬಿಟ್ಟರು. ನಮ್ಮ ಹಿತ್ತಿಲು ನಿನಗೆ ಗೊತ್ತಲ್ಲ, ಗುಡಿಸಿ ಚೊಕ್ಕಟ ಮಾಡಿದ ಬೋಳು ನೆಲ. ಒಂದು ಸೊಪ್ಪಿನ ಗಿಡ ನೆಟ್ಟವಳಲ್ಲ ನಾನು. ಮಗಳು ಹುಟ್ಟಿದ ಹೊಸತರಲ್ಲಿ ನಮ್ಮನೆಯವರು ಅಲ್ಲಿ ಬಾವಿ ತೋಡೋಣ ಅಂದರು, ಬೇಡ ಅಂದೆ. ಆಮೇಲೆ ಕೆಲಸಕ್ಕೊಂದು ಚಪ್ಪರ ಹಾಕುತ್ತೇನೆ, ಕಂಬ ನೆಡುತ್ತೇನೆ ಅಂದರು, ಅದೂ ಬೇಡ ಅಂದೆ. ಮಣ್ಣು ಸರಿಯಿಲ್ಲ, ಹಾವು ಬರುತ್ತೆ, ಬಾಯಿಗೆ ಬಂದ ನೆಪ. "ಎಲ್ಲರಿಗೂ ಹಿತ್ತಿಲ ಗಿಡ ಮದ್ದಲ್ಲ, ನಮಗೆ ಹಿತ್ತಿಲಲ್ಲಿ ಗಿಡವೇ ಇಲ್ಲ" ಅಂತ ಬೀದಿಯವರ ಮುಂದೆ ಆಡಿಕೊಳ್ಳುತ್ತಿದ್ದರು. ನೀನೂ ನಗುತ್ತಿದ್ದೆ. ಮೊಂಡಿ ಅನ್ನುವ ಹೆಸರು ನನಗೆ ಬಂದದ್ದೇ ಈ ಹಿತ್ತಿಲಿನಿಂದ.

ಮೇಡಂಗೆ ಖುಷಿಯೋ ಖುಷಿ. "ಇಡೀ ಬೀದಿಯಲ್ಲಿ ಅಗೆಯದೆ ಉಳಿದ ಜಾಗ ಇದೊಂದೇ ನೋಡಿ! ಬೇರೆ ಕಡೆ ಎಲ್ಲ ಬಾವಿ, ಗುಂಡಿ, ಗಿಡ ಅಂತ ಕಲಸಿಬಿಟ್ಟಿದ್ದಾರೆ. ನಿಮ್ಮ ಪುಣ್ಯ ಅಮ್ಮ, ಮುಂದಿನ ತಿಂಗಳು ಇಲ್ಲಿಂದಲೇ ಶುರು ಮಾಡ್ತೀವಿ" ಅಂದರು. ನಾನು ಚಹಾದ ಲೋಟ ತೆಗೆದುಕೊಂಡು ಒಳಗೆ ಬಂದೆ.

ಗಿಣಿ, ನೀನು ಬರಬೇಕು. ನಿನ್ನ ಮಂಡಿ ನೋವು ಗೊತ್ತು. ಬಸ್ಸಿಳಿದ ಕಡೆಯಿಂದ ದಿಬ್ಬ ಹತ್ತಲು ನಿನಗಾಗದು ಅಂತಲೂ ಗೊತ್ತು. ನಮ್ಮನೆಯವರು ಸಾಮಾನಿನ ಗಾಡಿ ತರುತ್ತಾರೆ, ಅದರಲ್ಲಿ ಕೂತು ಬಾ. ಯಾರಾದರೂ ನಕ್ಕರೆ ನಾನಿದ್ದೇನೆ. ಈ ತಿಂಗಳು ಮುಗಿಯುವುದರೊಳಗೆ ಬಾ. ನಾವು ಇಳಿಯುವ ಮುಂಚೆ, ಅವರು ಹಿತ್ತಿಲಿಗೆ ಗೂಟ ಹೊಡೆದು ದಾರ ಕಟ್ಟುವ ಮುಂಚೆ. ಬಾಗಿಲಿಲ್ಲದ ಮನೆ, ಚಾಪೆ ಮೇಲೆ ಮಲಗಬೇಕು. ಹಳೇ ಕಾಲದ ಹಾಗೆ ಮಾತಾಡೋಣ. ನೀನು ಮಾತಾಡು, ನಾನು ಕೇಳುತ್ತೇನೆ.

ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ಅವರಿಗೆ ದೀರ್ಘಾಯುಸ್ಸು ಕೊಡಲಿ, ಬೀಳದ ಹಾಗೆ ಓಡುವ ಕಾಲು ಕೊಡಲಿ. ಯಜಮಾನರಿಗೆ ನಮಸ್ಕಾರ ಹೇಳು. ನಿನ್ನನ್ನು ಇಷ್ಟು ದಿನ ಸಹಿಸಿಕೊಂಡ ಅವರಿಗೆ ಸ್ವರ್ಗದಲ್ಲಿ ಜಾಗ ಇದ್ದೇ ಇದೆ.

ಇಂತಿ,
ನಿನ್ನ ಮೊಂಡಿ

ತಾ.ಕ.: ಕಾಗದ ಅಂಟಿಸುವ ಮುಂಚೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಬಂದು ಎದುರು ಕೂತಾಗಲೂ ಹೇಳಲಾರೆ. ಮಗಳು ಹುಟ್ಟುವುದಕ್ಕೂ ಮುಂಚೆ, ಹೊಳೆ ತುಂಬಿ ದಾರಿಯೆಲ್ಲ ಮುಚ್ಚಿದ ಆ ಮಳೆಗಾಲ. ಇವರು ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದರು. ನಾನು ಹೆತ್ತು, ಒಳಗೆ ಜ್ವರದಲ್ಲಿ ಬಿದ್ದಿದ್ದೆ. ಸ್ಮಶಾನಕ್ಕೆ ಹೋಗಲಾಗದು, ಹಿತ್ತಿಲಲ್ಲೇ ಆಗಲಿ ಅಂತ ಅತ್ತೆ ಹೇಳಿದ್ದು ಕೇಳಿಸಿತ್ತು. ನೀನು ಸೆರಗಿನಲ್ಲಿ ಸುತ್ತಿಕೊಂಡು ಹೋದದ್ದೂ ಬಾಗಿಲ ಸಂದಿಯಿಂದ ಕಂಡಿತ್ತು. ಎಲ್ಲಿಟ್ಟೆ ಅಂತ ನಾನು ಕೇಳಲೇ ಇಲ್ಲ. ಕೇಳಿದ್ದರೆ ಅಲ್ಲೇ ಕೂತುಬಿಡುತ್ತಿದ್ದೆ, ಮಗಳನ್ನು ಹೆತ್ತು ಸಾಕಲು ಏಳುತ್ತಿರಲಿಲ್ಲ. ಜಗತ್ತಿನ ಸುದ್ದಿಯೆಲ್ಲ ಹೇಳುವ ನೀನೂ ಅದೊಂದನ್ನು ಆಡಲಿಲ್ಲ. ಯಾವ ಮೂಲೆ ಅಂತ ಗೊತ್ತಿಲ್ಲದ್ದಕ್ಕೇ ಇಡೀ ಹಿತ್ತಿಲನ್ನು ಹಾಗೇ ಬಿಟ್ಟೆ. ಗುಡಿಸುವಾಗಲೂ ಕಾಲು ಒತ್ತಿ ಇಟ್ಟವಳಲ್ಲ. ಕಾಗದದಲ್ಲಿ ಬರೆದು ತಿಳಿಸು ಅನ್ನೋಣವೆಂದರೆ, ಆಗಿದ್ದ ಗೋಡೆ ಬಿದ್ದು ಬೇರೆ ಕಟ್ಟಿದೆ, ಮರವೂ ಉರುಳಿ ಹೋಯಿತು. ನೀನೇ ಬಂದು ನಿಂತು ತೋರಿಸಬೇಕು. ಅತ್ತೆಗೆ ಈಗ ಹಳೆಯದೊಂದೂ ನೆನಪಿಲ್ಲ, ನೆನಪಿರುವುದು ನಿನಗೊಬ್ಬಳಿಗೇ. ನನ್ನ ಕೂಸಿಗೆ ನಂಬರ್ ಬೇಡ ಗಿಣಿ. ಆ ಪುಟ್ಟ ಪೆಟ್ಟಿಗೆ ಯಾತಕ್ಕೆ ಅಂತ ಇವರು ಬಾಯಿಬಿಟ್ಟಿಲ್ಲ, ಆದರೆ ಇವತ್ತು ಬೆಳಿಗ್ಗೆ ಅದರೊಳಗೆ ನನ್ನ ಹಳೇ ಸೀರೆಯ ಮೆತ್ತನೆ ತುಂಡೊಂದು ಹಾಸಿದ್ದು ನೋಡಿದೆ. ಗಂಡೋ ಹೆಣ್ಣೋ, ಅದನ್ನೂ ಬಂದ ಮೇಲೆ ಹೇಳು. ಏನೂ ಉಳಿದಿರದಿದ್ದರೆ ಒಂದು ಹಿಡಿ ಮಣ್ಣಾದರೂ ಸಾಕು. ನೀನು ಬಗ್ಗುವುದೂ ಬೇಡ, ಬೆರಳು ತೋರಿಸು ಅಷ್ಟೇ. ಮಣ್ಣು ನಾನೇ ಸರಿಸುತ್ತೇನೆ. ನನಗೀಗ ಮೆತ್ತಗೆ ಸರಿಸುವುದು ಬರುತ್ತದೆ.