ಲೈನ್ ಬಿದ್ದಾಗಿನ ಮಾತು

ಸೋಮವಾರ, ಮಾರ್ಚ್ 4

ಇವತ್ತೂ ಬಿತ್ತು. ಹತ್ತೂವರೆ ಸುಮಾರಿಗೆ. ನಮ್ಮ ದೊಡ್ಡ ಕಂಪ್ಯೂಟರಿನಿಂದ ಮಿಕ್ಕ ಆಸ್ಪತ್ರೆಗಳಿಗೆ ಹೋಗುವ ಲೈನು ನೆಟ್ಟಗಿದೆ, ಕೊನೆಯ ತುದಿಯ ಆ ಒಂದು ಆಸ್ಪತ್ರೆಯದು ಮಾತ್ರ ಉಸಿರಿಲ್ಲದ ಹಾಗೆ. ಅಲ್ಲಿನ ರಕ್ತನಿಧಿಯ ಟೆಕ್ನಿಷಿಯನ್ ಫೋನು.

"ಮೇಡಂ, ನಿಮ್ಮ ಮೇನ್‌ಫ್ರೇಮು ಇವತ್ತೂ ಮುನಿಸ್ಕೊಂಡಿದೆ. ಸ್ಕ್ರೀನ್ ಕೆಳಗೆ ಆ ಗಡಿಯಾರದ ಗುರುತು ಬಂತು, ಅಷ್ಟೇ. ಕೀಬೋರ್ಡ್ ಕಲ್ಲು."

ಲೈನು ಇಳಿಸಿ ಮತ್ತೆ ಏರಿಸಬೇಕು. ಕಾಲು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತೂ ಫೋನು ಇಬ್ಬರ ಕಿವಿಯಲ್ಲೂ — ಎದ್ದಿತೇ ಇಲ್ಲವೇ ಅವಳು ಹೇಳಬೇಕಲ್ಲ. ಮೂಕರ ಹಾಗೆ ಕೂರಲಾಗುತ್ತದೆಯೇ. ಗಂಡನ ಗೊರಕೆ, ಮಗಳ ಗಣಿತ, ಎಲ್ಲ ಹೇಳಿದಳು. ನಾನು ಏನು ಹೇಳಲಿ. ಇಲ್ಲಿ ಎಸಿ ವಿಪರೀತ, ವರ್ಷವಿಡೀ ಸ್ವೆಟರ್ ಅಂದೆ.

"ನಾನೂ ಅಷ್ಟೇ ಮೇಡಂ. ರಕ್ತಕ್ಕೂ ಚಳಿ ಬೇಕು, ಮಿಷನ್ನಿಗೂ ಚಳಿ ಬೇಕು. ನಡುವೆ ನಾವಿಬ್ರು ನಡುಗ್ಬೇಕು."

ನಕ್ಕೆ. ಜೋರಾಗಿಯೇ.

ಸಂಜೆ ಮನೆಗೆ ಬಂದು ಬೀಗ ತೆಗೆದ ಮೇಲೆ ಬಾಯಿ ಬಿಟ್ಟಿಲ್ಲ. ಈಗ ಬರೆಯುವಾಗ ಹೊಳೆಯಿತು. ಕೆಮ್ಮಿ ನೋಡಿದೆ. ದನಿ ಇದೆ.

ಬುಧವಾರ, ಮಾರ್ಚ್ 6

ಬಾಗಿಲ ಮೇಲೆ 'ನೆಟ್‌ವರ್ಕ್ ವಿಭಾಗ' ಎಂಬ ಬೋರ್ಡು. ಒಳಗೆ ಆರು ಮೇಜು, ನಾನೊಬ್ಬಳು. ಉಳಿದವರನ್ನೆಲ್ಲ ಹೊಸ ಸಿಸ್ಟಮ್ ಕಟ್ಟಲು ಪಕ್ಕದ ಕಟ್ಟಡಕ್ಕೆ ಕರೆದುಕೊಂಡರು. ಖಾಲಿ ಮೇಜುಗಳ ಧೂಳನ್ನು ನಾನೇ ಒರೆಸುತ್ತೇನೆ, ಯಾಕೋ.

ಲೈನಿನ ಟ್ರೇಸ್, ಅಂದರೆ ಅದರಲ್ಲಿ ನಡೆದದ್ದರ ದಾಖಲೆ, ಹಾಕಿ ನೋಡಿದೆ. ಅವಳ ಫೋನು ಬಂದ ಮೇಲೆ ಹಾಕುವುದು — ಆ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿರುತ್ತದೆ. ಲೈನು ಮಲಗಿದೆ ಅಂತ ತೋರಿಸುತ್ತದೆ, ಯಾಕೆ ಮಲಗಿತು ಅಂತ ಇಲ್ಲ. ನನಗೆ ಬೇಕಾದದ್ದು ಬಫರ್ ಟ್ರೇಸ್. ಬಫರ್ ಅಂದರೆ ಹೋಗಿ ಬರುವ ಸಂದೇಶಗಳು ಅರೆಕ್ಷಣ ನಿಲ್ಲುವ ತಾವು. ಆ ತಾವು ತುಂಬಿಹೋಗುತ್ತಿದೆ ಎಂದು ನನ್ನ ಅನುಮಾನ. ನೆಟ್‌ವರ್ಕ್ ಏಳುವ ಗಳಿಗೆಯಿಂದಲೇ ಲೆಕ್ಕ ಸಿಗಬೇಕು. ಅದಕ್ಕೆ ಅದು ಏಳುವಾಗ ಓದಿಕೊಳ್ಳುವ ಸ್ಟಾರ್ಟ್ ಲಿಸ್ಟ್‌ನಲ್ಲಿ ಒಂದು ಸಾಲು ಸೇರಿಸಬೇಕು. ಅಂದರೆ ಇಡೀ ನೆಟ್‌ವರ್ಕ್ ಇಳಿಸಿ ಏರಿಸಬೇಕು.

ಕೇಳಲು ಹೋದರೆ ಮ್ಯಾನೇಜರ್ ತಲೆಯನ್ನೇ ಎತ್ತಲಿಲ್ಲ. "ಒಂದು ಲೈನಿಗೋಸ್ಕರ ಎಲ್ಲರನ್ನೂ ಇಳಿಸ್ತಾರೇನ್ರೀ? ಹೇಗೂ ಹೊಸ ಸಿಸ್ಟಮ್ ಬರ್ತಿದೆ. ಅಲ್ಲೀತನಕ ತಳ್ಳಿ."

ಆಯಿತು ಸಾರ್ ಅಂದೆ. ವಾದ ಮಾಡಬಹುದಿತ್ತು. ಮಾಡಲಿಲ್ಲ…

ಭಾನುವಾರ, ಮಾರ್ಚ್ 10

ಅಣ್ಣನ ಫೋನು. "ಅಮ್ಮ ಹೋದ ಮೇಲೆ ಒಬ್ಬಳೇ ಅಲ್ಲಿ ಏನ್ ಮಾಡ್ತೀಯ? ಇಲ್ಲೇ ಬಂದಿರು."

"ಕೆಲಸ ಇದೆಯಲ್ಲಣ್ಣ."

ಹಿಂದಿನಿಂದ ಅತ್ತಿಗೆ, "ಯಾರ್ರೀ ಅದು, ಊಟ ಆರ್ತಿದೆ" ಅಂದದ್ದು ಕೇಳಿಸಿತು. ಇಟ್ಟೆವು.

ಅಮ್ಮನ ಮಂಚ ಮಡಚಿ ಗೋಡೆಗೆ ಒರಗಿಸಿದೆ. ಕೋಣೆ ದೊಡ್ಡದಾಯಿತು. ಸಂಜೆ ಮತ್ತೆ ಬಿಡಿಸಿ ಹಾಕಿದೆ.

ಮಂಗಳವಾರ, ಮಾರ್ಚ್ 12

ಹತ್ತಕ್ಕೇ ಡಬ್ಬಿ ಬಿಚ್ಚಿ ತಿಂದೆ. ಹತ್ತೂವರೆಗೆ ಬಾಯಲ್ಲಿ ತುತ್ತಿರಬಾರದು ಅಂತ. ಅವಳಿಗೆ ಹೇಳಲು ಒಂದು ಸುದ್ದಿ ಉಳಿಸಿಟ್ಟಿದ್ದೆ — ಮ್ಯಾನೇಜರ್ ನಿನ್ನೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು, ಒಳಗಿನಿಂದಲೇ ಲಿಫ್ಟಿನವನಿಗೆ ಮೆಮೊ ಕೊಡುತ್ತೇನೆಂದು ಕೂಗಾಡಿದ್ದು.

ಇವತ್ತು ಬೀಳಲಿಲ್ಲ.

ಸಂತೋಷಪಡಬೇಕು. ಪಡಲಿಲ್ಲ.

ಗುರುವಾರ, ಮಾರ್ಚ್ 14

ಹತ್ತೂವರೆಗೆ ಫೋನು. ಎತ್ತಿದವಳೇ, "ನಿಮಗೊಂದು ಕಥೆ ಹೇಳ್ಬೇಕು" ಅಂದೆ. ಲೈನು ಬಿದ್ದಿದೆ ಎಂದು ಹೇಳಲೂ ಬಿಡದೆ ಲಿಫ್ಟಿನ ಕಥೆ ಶುರು ಮಾಡಿದೆ.

"ಮೇಡಂ, ಮೇಡಂ. ಇವತ್ತು ಬೇಡ. ಲೈನ್ ಎಬ್ಬಿಸಿ. ಹೆರಿಗೆ ಆದವಳಿಗೆ ರಕ್ತ ನಿಲ್ತಾ ಇಲ್ಲ. ಓ ನೆಗೆಟಿವ್. ನಮ್ಮಲ್ಲಿ ಒಂದೇ ಚೀಲ ಇತ್ತು, ಹಾಕಾಯ್ತು. ಯಾವ ಆಸ್ಪತ್ರೇಲಿ ಇದೆ ಅಂತ ನಿಮ್ಮ ಮಿಷನ್ನೇ ಹೇಳ್ಬೇಕು, ಅದು ಹೇಳ್ತಿಲ್ಲ. ಒಂದೊಂದಾಗಿ ಫೋನ್ ಮಾಡಿ ಕೇಳ್ತೀನಿ. ಇಲ್ಲಿರೋದು ಇದೊಂದೇ ಫೋನು. ದಯವಿಟ್ಟು ಇಡಿ."

ಇಟ್ಟೆ.

ಲೈನು ಇಳಿಸಿದೆ, ಏರಿಸಿದೆ. ಮೊದಲ ಸಲ ಏಳಲಿಲ್ಲ. ಎರಡನೇ ಸಲ ಎದ್ದಿತು, ನನ್ನ ಕಡೆಯ ಕನ್ಸೋಲಿನಲ್ಲಾದರೂ. ಎದ್ದಿದೆ ಎಂದು ತಿಳಿಸಲು ಫೋನು ಮಾಡಿದರೆ ಎಂಗೇಜ್. ಮತ್ತೆ ಎಂಗೇಜ್. ಅವಳು ಯಾರನ್ನೋ ಬೇಡಿಕೊಳ್ಳುತ್ತಿದ್ದಾಳೆ, ಎದುರಿಗಿನ ಸ್ಕ್ರೀನ್ ಎದ್ದು ಕಾದಿದೆ, ಅವಳು ನೋಡಿದಳೋ ಇಲ್ಲವೋ. ಆಮೇಲೆ ಯಾರೂ ಎತ್ತಲಿಲ್ಲ.

ಆ ಬಾಣಂತಿ ಏನಾದಳು… ಗೊತ್ತಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ.

ಶುಕ್ರವಾರ, ಮಾರ್ಚ್ 15

ಮ್ಯಾನೇಜರ್ ಬರುವ ಮೊದಲೇ ಅವರ ಕೋಣೆಯ ಮುಂದೆ ನಿಂತಿದ್ದೆ.

"ಟ್ರೇಸ್ ಹಾಕಿದ್ರೆ ಸ್ಲೋ ಆಗುತ್ತೆ ಅಂತ ಗೊತ್ತಲ್ಲ ನಿಮ್ಗೆ?"

"ಆಗುತ್ತೆ ಸಾರ್. ಒಂದು ದಿನ ಸ್ಲೋ ಆಗಲಿ."

"ಕಂಪ್ಲೇಂಟ್ ಬಂದ್ರೆ?"

"ನನ್ನ ಹೆಸರು ಹೇಳಿ. ನಿನ್ನೆ ರಕ್ತ ಎಲ್ಲಿದೆ ಅಂತ ತಿಳೀದೆ ಒಬ್ಬಾಕೆ ಸಾಯ್ತಿದ್ಲು ಸಾರ್. ಬದುಕಿದ್ಲೋ ಇಲ್ವೋ, ಅದೂ ನನಗೆ ಗೊತ್ತಿಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಭಾನುವಾರ ಮಧ್ಯಾಹ್ನ ಮಾಡ್ಕೊಳ್ಳಿ. ಎಲ್ಲಾ ಆಸ್ಪತ್ರೆಗೂ ಮೊದಲೇ ತಿಳಿಸಿ."

ಭಾನುವಾರ, ಮಾರ್ಚ್ 17, ಸಂಜೆ

ಆಪರೇಟರ್ ಮತ್ತು ನಾನು. ಇಡೀ ಮಿಷನ್ ರೂಮಿನಲ್ಲಿ ಇಬ್ಬರೇ. ಸ್ಟಾರ್ಟ್ ಲಿಸ್ಟ್‌ಗೆ ಬಫರ್ ಟ್ರೇಸಿನ ಸಾಲು ಸೇರಿಸಿದೆ. ಕಾಗುಣಿತ ನೋಡುವ ಹಾಗೆ ಅಕ್ಷರಕ್ಕೆ ಅಕ್ಷರ ನೋಡಿದೆ. ಒಂದು ಕಾಮಾ ತಪ್ಪಿದರೂ ಏಳುವುದಿಲ್ಲ ಅದು.

"ಇಳಿಸ್ಲಾ?" ಅಂದ.

"ಇಳಿಸಿ."

ಕನ್ಸೋಲಿನ ಮೇಲೆ ಒಂದೊಂದೇ ಆಸ್ಪತ್ರೆಯ ಹೆಸರು ಆರಿಹೋಯಿತು. ಮತ್ತೆ ಏರಿಸಿದಾಗ ಒಂದೊಂದೇ ಬಂದವು. ಅವಳದು ಎಲ್ಲಕ್ಕಿಂತ ಕೊನೆಗೆ.

ಸೋಮವಾರ, ಮಾರ್ಚ್ 18

ಹತ್ತೂವರೆಗೆ ಬಿತ್ತು. ಫೋನು ಬಂತು. ನಾನು ಬರೀ "ಹೇಳಿ" ಅಂದೆ.

"ಬದುಕಿದ್ಲು ಮೇಡಂ. ಮಗೂನೂ ಚೆನ್ನಾಗಿದೆ. ಎಂಟನೇ ಫೋನಿಗೆ ರಕ್ತ ಸಿಕ್ತು. ನಿಮಗೆ ಹೇಳ್ಬೇಕು ಅಂತ ಅವತ್ತಿಂದ ಅಂದ್ಕೋತಿದ್ದೆ, ಪುರುಸೊತ್ತೇ ಆಗ್ಲಿಲ್ಲ."

ಕುರ್ಚಿ ಎಳೆದುಕೊಂಡು ಕೂತೆ. ನಿಂತೇ ಇದ್ದೆ ಅಂತ ಆಗ ಗೊತ್ತಾಯಿತು.

ಮಧ್ಯಾಹ್ನ ಟ್ರೇಸ್ ಓದಿದೆ. ಸ್ಪಷ್ಟವಾಗಿದೆ. ಹತ್ತೂವರೆಗೆ ಎಲ್ಲ ಆಸ್ಪತ್ರೆಗಳೂ ಒಟ್ಟಿಗೆ ದಿನದ ರಕ್ತದ ಪಟ್ಟಿ ಕೇಳುತ್ತವೆ. ಬಫರ್ ಭರ್ತಿ. ಭರ್ತಿಯಾದರೆ ತಾನೇ ಇನ್ನಷ್ಟು ತಾವು ಪಡೆದುಕೊಳ್ಳಬೇಕು, ಪಡೆಯುತ್ತಿಲ್ಲ. ಅವಳ ಲೈನು ಎಲ್ಲಕ್ಕಿಂತ ನಿಧಾನ, ಕಾದು ಕಾದು ಕೈಚೆಲ್ಲುತ್ತದೆ.

ಯಾಕೆ ಪಡೆಯುತ್ತಿಲ್ಲ? ನಮ್ಮಲ್ಲಿ ಸ್ಟಾರ್ಟ್ ಲಿಸ್ಟ್ ಎರಡು. ಮೊದಲನೆಯದರಲ್ಲಿ ಎಲ್ಲ ಸರಿ. ಎರಡನೆಯದನ್ನು ಅದರ ಮೇಲೆ ಓದುತ್ತದೆ, ಅದರಲ್ಲಿದ್ದದ್ದೇ ಕೊನೆಯ ಮಾತು. ಹೊಸ ಸಿಸ್ಟಮಿನವರು ಪರೀಕ್ಷೆಗೆಂದು ಅಲ್ಲಿ, ಹೆಚ್ಚುವರಿ ಬಫರ್ ಎಷ್ಟು ಎಂಬ ಕಡೆ, ಸೊನ್ನೆ ಹಾಕಿದ್ದಾರೆ. ತೆಗೆಯಲು ಮರೆತಿದ್ದಾರೆ. ಒಂದು ಸೊನ್ನೆ.

ಬೈಯೋಣ ಅನ್ನಿಸಿತು. ಯಾರನ್ನು… ಪಕ್ಕದ ಕಟ್ಟಡಕ್ಕೆ ಹೋಗಿ ಹೇಳಿದೆ. "ಅಯ್ಯೋ ಹೌದಾ" ಅಂದರು. ಅಷ್ಟೇ.

ಗುರುವಾರ, ಮಾರ್ಚ್ 21

ಸೊನ್ನೆ ತೆಗೆಯಲು ಮತ್ತೆ ಎಲ್ಲವನ್ನೂ ಇಳಿಸಬೇಕು, ಅದಕ್ಕೆ ಭಾನುವಾರವೇ ಬರಬೇಕು. ಮಿಕ್ಕ ಆಸ್ಪತ್ರೆಗಳಿಗೆಲ್ಲ ಫೋನು ಮಾಡಿ, ಭಾನುವಾರದವರೆಗೆ ಪಟ್ಟಿಯನ್ನು ಒಟ್ಟಿಗೆ ತೆಗೆಯಬೇಡಿ ಎಂದು ಬೇಡಿಕೊಂಡಿದ್ದೆ. ಅರ್ಧ ಜನ ಕೇಳಿದರು. ಇವತ್ತು ಮತ್ತೆ ಬಿತ್ತು.

"ಇದೇ ಕೊನೆ" ಅಂದೆ. "ಭಾನುವಾರ ಸರಿ ಮಾಡ್ತೀನಿ. ಆಮೇಲೆ ಬೀಳಲ್ಲ."

"ಒಳ್ಳೇದಾಯ್ತು ಬಿಡಿ." ಆಮೇಲೆ, "ಹಾಗಾದ್ರೆ ನಿಮಗೆ ಫೋನ್ ಮಾಡೋ ಪ್ರಮೇಯ ಇರಲ್ಲ."

"ಇರಲ್ಲ."

ಲಿಫ್ಟಿನ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಲೈನು ಯಾವಾಗಲೋ ಎದ್ದಿತ್ತು, ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಭಾನುವಾರ, ಮಾರ್ಚ್ 24

ಸೊನ್ನೆ ತೆಗೆದೆ. ಟ್ರೇಸ್ ಆರಿಸಿದೆ. ಇಳಿಸಿದೆವು, ಏರಿಸಿದೆವು. ಆಪರೇಟರ್ ಕೈಕುಲುಕಿದ.

ಸೋಮವಾರ, ಮಾರ್ಚ್ 25

ಬೀಳಲಿಲ್ಲ.

ಬುಧವಾರ, ಮಾರ್ಚ್ 27

ಬೀಳಲಿಲ್ಲ. ರಿಸೀವರ್ ಎತ್ತಿ ನೋಡಿದೆ, ಟೋನ್ ಬರುತ್ತಿದೆ.

ಎಲ್ಲ ಸರಿಯಿದೆಯಾ ಅಂತ ನಾನೇ ಕೇಳಬಹುದು. ಕೆಲಸದ ಮಾತೇ ಅಲ್ಲವೇ. ನಂಬರು ಒತ್ತಿದೆ, ಒಂದು ಸಲ ರಿಂಗಾಯಿತು, ಇಟ್ಟುಬಿಟ್ಟೆ. ಅಲ್ಲಿರೋದು ಅದೊಂದೇ ಫೋನು. ಯಾರಿಗೋ ಬೇಕಾಗಿದ್ದರೆ —

ಶನಿವಾರ, ಏಪ್ರಿಲ್ 13, ಮಧ್ಯಾಹ್ನ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಬೆಳಿಗ್ಗೆ ಎದ್ದವಳು ಅವಳ ಊರಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ನೆಪ ಹುಡುಕಿದೆ. ಆಸ್ಪತ್ರೆಯ ಬಾಗಿಲಲ್ಲಿ ಬೋರ್ಡು ಕಂಡಿತು: ರಕ್ತದಾನಿಗಳು ಈ ಕಡೆ. ಬಾಣದ ಗುರುತು ಹಿಡಿದು ನಡೆದುಬಿಟ್ಟೆ.

ದನಿ ಕೇಳಿಯೇ ಅವಳೆಂದು ತಿಳಿಯಿತು. ನಾನಂದುಕೊಂಡಷ್ಟು ದಪ್ಪ ಇಲ್ಲ. ಕುಳ್ಳಿ. ನೀಲಿ ಸ್ವೆಟರು. ಮೂಲೆಯಲ್ಲಿ ಟರ್ಮಿನಲ್, ಹಸಿರು ಅಕ್ಷರ ಓಡುತ್ತಿತ್ತು, ಅವಳು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಾಗೆಯೇ ಇರಬೇಕು ಅದು.

ಕೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ವಯಸ್ಸು, ತೂಕ ಬರೆದುಕೊಟ್ಟೆ. ಒರಗಿಸಿ ಸೂಜಿ ಚುಚ್ಚಿದಳು, ಕೈಗೆ ರಬ್ಬರ್ ಚೆಂಡು ಕೊಟ್ಟಳು.

"ಮಾತಾಡ್ತಾ ಇರಿ ಅಮ್ಮ, ಇಲ್ಲಾಂದ್ರೆ ತಲೆ ಸುತ್ತುತ್ತೆ. ಏನ್ ಕೆಲಸ ನಿಮ್ದು?"

"ಮೇನ್‌ಫ್ರೇಮ್… ನೆಟ್‌ವರ್ಕ್" ಅಂದೆ.

ಪ್ಲಾಸ್ಟರ್ ಕತ್ತರಿಸುತ್ತಿದ್ದ ಕೈ ನಿಂತಿತು. ನನ್ನ ಮುಖ ನೋಡಿದಳು. ಸ್ವೆಟರ್ ನೋಡಿದಳು.

"ಇಷ್ಟು ದೂರ ಬಂದು ಬಾಯಿ ಬಿಡದೆ ಮಲ್ಕೊಂಡಿದ್ದೀರಲ್ಲ, ಮೇಡಂ" ಅಂದಳು. ಮೆಲ್ಲಗೆ. ಕಣ್ಣು ಒದ್ದೆಯಾಯಿತು, ನನ್ನದು. ಸೂಜಿಗೆ ಅಂತ ಅಂದುಕೊಂಡಿರಬಹುದು, ಅಂದುಕೊಳ್ಳಲಿ.

"ಇನ್ನಿಬ್ರು ಇದಾರೆ, ಮುಗಿಸಿ ಬರ್ತೀನಿ. ಎದ್ದು ಹೋಗ್ಬೇಡಿ."

ಈಗ ಹೊರಗಿನ ಬೆಂಚಿನಲ್ಲಿ ಕೂತಿದ್ದೇನೆ. ಎಡಗೈ ಮಡಚಿಕೊಂಡು ಬಲಗೈಯಲ್ಲಿ ಬರೆಯುತ್ತಿದ್ದೇನೆ. ಕೊನೇ ಬಸ್ಸು ಎಷ್ಟಕ್ಕೋ, ವಿಚಾರಿಸಲಿಲ್ಲ. ಬಾಗಿಲು ತೆರೆಯಿತು. ಅವಳೇ. ಕೈಯಲ್ಲಿ ಎರಡು ಲೋಟ. ಎರಡು ಅಂದರೆ ಅವಳೂ ಕೂರುತ್ತಾಳೆ —