ಲೆಕ್ಕಕ್ಕೆ ಸಿಗದ ಕಾಲು ಡಿಸ್ಕು

ಅತ್ತೆ,

ನಿನ್ನ ಸೋದರಳಿಯ ಮಾಡುವ ನಮಸ್ಕಾರಗಳು. ಮೊನ್ನೆ ನಿನ್ನನ್ನು ನೋಡಿ ಹೊರಡುವಾಗ ನೀನು ಸ್ಲೇಟಿನ ಮೇಲೆ ‘ನನ್ನ ಕತೆ ಅಳಿಸಿಹೋಯ್ತಂತೆ, ನಿಜವಾ?’ ಎಂದು ಬರೆದು ತೋರಿಸಿದೆ. ಅಷ್ಟರಲ್ಲಿ ಬಸ್ಸು ಬಂತು. ‘ಬರೆದು ತಿಳಿಸ್ತೀನಿ’ ಎಂದು ನಾನು ಹತ್ತಿಬಿಟ್ಟೆ. ಗಂಟಲಿನ ಆಪರೇಷನ್ ಆದಮೇಲೆ ನಿನ್ನ ಮಾತು ನಿಂತಿತು, ಪ್ರಶ್ನೆ ಕೇಳುವ ಚಟ ನಿಲ್ಲಲಿಲ್ಲ. ಇದಕ್ಕೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಕತೆಯ ಹಾಗೆ ಮೊದಲಿಂದ ಹೇಳುತ್ತೇನೆ. ಹೂಂಗುಟ್ಟುವುದು ಬೇಡ, ಆಗಾಗ ತಲೆಯಾಡಿಸು ಸಾಕು.

ಕಣ್ಣು ಕಾಣದವರಿಗಾಗಿ ನಾವು ಪುಸ್ತಕಗಳನ್ನೂ ಕತೆಗಳನ್ನೂ ಧ್ವನಿಯಲ್ಲಿ ತುಂಬಿಡುವ ಕೋಣೆ ನಿನಗೆ ಗೊತ್ತೇ ಇದೆ. ಬಾವಿಗೆ ಬಿದ್ದ ಕೊಡ ಹುಡುಕುತ್ತಾ ಕೆಳಗಿಳಿದ ಸೊಸೆಯ ಕತೆಯನ್ನು ಆಪರೇಷನ್ನಿಗೆ ಮೊದಲು ವಾರಗಟ್ಟಲೆ ಬಂದು ಹೇಳಿದವಳು ನೀನೇ. ಆ ಕೋಣೆಯಲ್ಲಿ ಒಂದು ರೂಢಿಯಿದೆ. ಹೊಸ ಧ್ವನಿಯನ್ನೆಲ್ಲ ಕಂಪ್ಯೂಟರಿನ ಸಣ್ಣ ಡಿಸ್ಕಿನಲ್ಲಿ ತುಂಬುತ್ತೇವೆ. ಒಬ್ಬರು ಕೂತು ಪೂರ್ತಿ ಕೇಳಿ, ದೊಡ್ಡ ಡಿಸ್ಕಿಗೆ ನಕಲು ಮಾಡಿ, ಹೆಡ್‌ಫೋನನ್ನು ಗೋಡೆಯ ಮೊಳೆಗೆ ತಗುಲಿಹಾಕುತ್ತಾರೆ. ಮೊಳೆಯಲ್ಲಿ ಹೆಡ್‌ಫೋನ್ ಕಂಡರೆ ಸಣ್ಣ ಡಿಸ್ಕಿನಲ್ಲಿರುವುದನ್ನು ಅಳಿಸಬಹುದು ಎಂದರ್ಥ.

ನಿನ್ನ ಕತೆ ಕೇಳುತ್ತಿದ್ದವನಿಗೆ ಅರ್ಧದಲ್ಲೇ ಜ್ವರ ಬಂತು. ಕತೆಯನ್ನು ನಡುವೆ ನಿಲ್ಲಿಸಿ, ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಮನೆಗೆ ಹೋದ. ಮರುದಿನ ಕಸ ಗುಡಿಸುವಾಕೆ ಬಂದಾಗ ಅದು ಜಾರಿ ನೆಲಕ್ಕೆ ಬಿದ್ದಿತ್ತು. ಪಾಪ, ಎತ್ತಿ ಮೊಳೆಗೆ ಹಾಕಿದಳು. ಅದೇ ಹೊತ್ತಿಗೆ ಸಣ್ಣ ಡಿಸ್ಕು ‘ಜಾಗವಿಲ್ಲ’ ಎಂದು ಹಟ ಹಿಡಿಯಿತು. ಕೆಮ್ಮು, ತೊದಲು ಕತ್ತರಿಸುವ ನಮ್ಮ ಹುಡುಗಿ ನಿನಗೆ ನೆನಪಿರಬೇಕು, ಕತ್ತರಿ ಅಂತ ಅಡ್ಡಹೆಸರಿಟ್ಟವಳೇ ನೀನು. ಆಕೆ ಮೊಳೆ ನೋಡಿದಳು, ನಿನ್ನ ಕತೆ ಅಳಿಸಿದಳು.

ಆಮೇಲೆ ನನ್ನನ್ನು ಕೂಗಿದಳು. ‘ಇಲ್ಲಿ ಬಾ ಮಾರಾಯ, ಇಷ್ಟು ದೊಡ್ಡದು ಅಳಿಸಿದ್ರೂ ಒಂದಿಂಚು ಜಾಗ ಬಿಡ್ತಾ ಇಲ್ಲ ಇದು.’

ಏನು ಅಳಿಸಿದ್ದಾಳೆಂದು ನೋಡಿದೆ. ದೊಡ್ಡ ಡಿಸ್ಕಿನಲ್ಲಿ ಹುಡುಕಿದೆ. ಅಲ್ಲಿ ಇರಲಿಲ್ಲ. ಇನ್ನೊಮ್ಮೆ ಹುಡುಕಿದೆ, ಅತ್ತೆ. ಆ ಗಂಟಲಿನಿಂದ ಆ ಕತೆ ಇನ್ನೊಮ್ಮೆ ಬರುವುದಿಲ್ಲವಲ್ಲ.

ಕತ್ತರಿಯ ಮುಖ ಸುಣ್ಣದಂತಾಯಿತು. ‘ಒಂದ್ಸಲ ಆಫ್ ಮಾಡಿ ಆನ್ ಮಾಡೋಣ, ವಾಪಸ್ ಬಂದ್ರೂ ಬರಬಹುದು’ ಎಂದು ಕಂಪ್ಯೂಟರಿನ ಸ್ವಿಚ್ಚಿಗೆ ಕೈ ಚಾಚಿದಳು. ಅಲ್ಲಿ ಏನೇ ಕೆಟ್ಟರೂ ಎಲ್ಲರದೂ ಅದೇ ಮದ್ದು. ನಾನು ಕೈ ಹಿಡಿದು ತಡೆದೆ. ಜಾಣತನದಿಂದಲ್ಲ, ಒಂದು ಕುತೂಹಲ ಕಚ್ಚಿಕೊಂಡಿತ್ತು. ಕತೆ ಎದ್ದು ಹೋಗಿದ್ದರೆ ಅದು ಕೂತಿದ್ದ ಜಾಗವಾದರೂ ಸಿಗಬೇಕಿತ್ತಲ್ಲ? ಉಳಿದ ಫೈಲುಗಳ ಗಾತ್ರವನ್ನೆಲ್ಲ ಕೂಡಿಸಿದೆವು. ಮುಕ್ಕಾಲು ಡಿಸ್ಕೂ ತುಂಬಲಿಲ್ಲ. ಡಿಸ್ಕನ್ನು ಕೇಳಿದರೆ ‘ನಾನು ಪೂರ್ತಿ ತುಂಬಿದ್ದೇನೆ’ ಅನ್ನುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವಿನ ಕಾಲು ಭಾಗವನ್ನು ಯಾವ ಬಕಾಸುರ ನುಂಗಿದ?

ಯಂತ್ರಗಳಿಗೆ ಕಿವಿಗೊಟ್ಟು ರೋಗ ಹೇಳುವ ನಮ್ಮ ಡಾಕ್ಟರನ್ನು ಕರೆಸಿದೆವು. ಬಂದವರೇ, ‘ಎರಡು ಲೆಕ್ಕ ಯಾವತ್ತೂ ಪೂರ್ತಿ ಹೊಂದಲ್ಲ. ಡಿಸ್ಕು ಜಾಗ ಕೊಡೋದು ಡಬ್ಬಿ ಲೆಕ್ಕದಲ್ಲಿ. ಒಂದು ಚಮಚ ಸಾಸಿವೆಗೂ ಒಂದು ಇಡೀ ಡಬ್ಬಿ’ ಎಂದರು.

‘ಸಾಸಿವೆ ಸರಿ ಸಾರ್, ಇಲ್ಲಿ ಕಣಜವೇ ಕಾಣಿಸ್ತಿಲ್ಲ’ ಎಂದೆ.

ಅವರು ಏನೇನೋ ಒತ್ತಿ, ತೆರೆಯನ್ನೇ ನೋಡುತ್ತಾ ನಕ್ಕರು. ‘ನೀವು ಬಾಗಿಲ ಮೇಲಿನ ಹೆಸರಿನ ಹಲಗೆ ಕಿತ್ತಿದೀರಿ ಅಷ್ಟೆ. ಒಳಗಿರೋರು ಇನ್ನೂ ಎದ್ದು ಹೋಗಿಲ್ಲ. ನೀವು ಫೈಲು ಎಣಿಸೋದು ಹಲಗೆ ನೋಡಿ, ಡಿಸ್ಕು ಎಣಿಸೋದು ಕೋಣೆ ನೋಡಿ. ಹೊಂದೋದು ಹೇಗೆ?’

‘ಯಾಕೆ ಹೋಗಿಲ್ಲ?’ ಕತ್ತರಿ ಕೇಳಿದಳು.

‘ಯಾರೋ ಅರ್ಧ ಕೇಳಿ ನಿಲ್ಲಿಸಿದಾರೆ. ಕೇಳಿಸೋ ಪ್ರೋಗ್ರಾಂ ಅದನ್ನ ಇನ್ನೂ ಹಿಡ್ಕೊಂಡಿದೆ. ಹಿಡಿದೋರು ಬಿಡೋವರೆಗೂ ಕೋಣೆ ಖಾಲಿ ಮಾಡಿಸಲ್ಲ.’

‘ಆಫ್ ಮಾಡಿದ್ದಿದ್ರೆ?’

‘ಪ್ರೋಗ್ರಾಂ ಕೈ ಬಿಟ್ಟಂಗೇ. ಆ ಜಾಗದಲ್ಲಿ ಬೇರೆ ಯಾವುದೋ ಬಂದು ಕೂತಿರೋದು.’

ಕತ್ತರಿ ತನ್ನ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಆ ಪ್ರೋಗ್ರಾಂ ಯಾವುದನ್ನು ಹಿಡಿದಿದೆ ಎಂದು ಯಂತ್ರವೇ ತೋರಿಸುವ ಹಿತ್ತಿಲ ದಾರಿಯೊಂದಿದೆಯಂತೆ. ಡಾಕ್ಟರು ಅದರೊಳಗಿಂದ ಹೋಗಿ ಕತೆಯನ್ನು ದೊಡ್ಡ ಡಿಸ್ಕಿಗೆ ನಕಲು ಮಾಡಿದರು. ಮೊದಲು ಕೇಳಿದೆವು, ನಡುವೆ ಕೇಳಿದೆವು, ಕೊನೆ ಕೇಳಿದೆವು. ಕೊಡ ಸಿಕ್ಕಿತೆಂದು ಸೊಸೆ ನಗುವಲ್ಲಿ ನೀನೂ ನಕ್ಕಿದ್ದೀಯಲ್ಲ, ಆ ನಗು ಹಾಗೆಯೇ ಇದೆ. ಆಮೇಲೆ ಪ್ರೋಗ್ರಾಂ ಮುಚ್ಚಿದರು. ಡಿಸ್ಕಿನ ಕಾಲು ಭಾಗ ಸದ್ದಿಲ್ಲದೆ ಖಾಲಿಯಾಯಿತು. ಎರಡು ಲೆಕ್ಕಗಳ ನಡುವೆ ಸಾಸಿವೆಯಷ್ಟೇ ಅಂತರ ಉಳಿಯಿತು.

ಹಾಗಾಗಿ ಅಳಿಸಿದ್ದು ನಿಜ, ಹೋಗಿದ್ದು ಸುಳ್ಳು. ಆದರೆ ನಾವು ಬರೀ ದಿನಾಂಕ ಹಾಕಿ ಫೈಲಿಗೆ ಇಟ್ಟಿದ್ದ ಹಳೆಯ ಹೆಸರು ಹೋಯಿತು, ಅತ್ತೆ. ಈಗ ಅದಕ್ಕೆ ಇರುವುದು ಯಂತ್ರ ಕೊಟ್ಟ ಒಂದು ಅಂಕಿ ಮಾತ್ರ. ಕತ್ತರಿ ‘ಅತ್ತೆ ಕತೆ’ ಅಂತಿಡು ಅನ್ನುತ್ತಾಳೆ, ಡಾಕ್ಟರು ‘ಬಾವಿ’ ಸಾಕು ಅನ್ನುತ್ತಾರೆ. ನಾನು ಒಪ್ಪಲಿಲ್ಲ. ನಮಗೆಲ್ಲ ಅದನ್ನು ಹೇಳಿ ಮಲಗಿಸಿದವಳು ನೀನು, ಏನು ಹೆಸರೆಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ಈಗಲಾದರೂ ಬರೆದು ಕಳಿಸು. ನಿನ್ನ ಕೈಬರಹ ತಲುಪುವವರೆಗೆ ಅದನ್ನು ಯಾರಿಗೂ ಕೇಳಿಸುವುದಿಲ್ಲ.

ಗಂಟಲ ಗಾಯ ಬೇಗ ಮಾಗಲಿ, ಬಿಸಿನೀರು ಮರೆಯಬೇಡ. ನಿನ್ನ ಹರಕೆಯ ಕೈ ನಮ್ಮ ತಲೆಯ ಮೇಲಿರಲಿ.

ಹೆಸರಿಗಾಗಿ ಕಾಯುತ್ತಿರುವ,
ನಿನ್ನ ಅಳಿಯ