ಹಲಗೆಗೆ ಹೋಗುವ ಮುನ್ನ

ಏಪ್ರಿಲ್ ೨೩, ಗುರುವಾರ

ಇವತ್ತು ಬಾಯಿ ಮುಚ್ಚಿಕೊಂಡೇ ಇದ್ದುಬಿಡುವುದರಲ್ಲಿದ್ದೆ. ನನ್ನ ಸಂಶೋಧನಾ ವಿದ್ಯಾರ್ಥಿನಿ ತುವಾ ನಾಳೆ ತನ್ನ ಪ್ರಬಂಧವನ್ನು ವಿಶ್ವವಿದ್ಯಾಲಯದ ಹಲಗೆಗೆ ಮೊಳೆ ಹೊಡೆದು ತೂಗುಹಾಕುವವಳಿದ್ದಳು. ಮೌಖಿಕ ಪರೀಕ್ಷೆಗೆ ಮೂರು ವಾರ ಮುಂಚೆ ಹೀಗೆ ಎಲ್ಲರೆದುರು ಪ್ರಕಟಿಸುವುದು ಇಲ್ಲಿನ ಪದ್ಧತಿ; ಆಮೇಲೆ ಒಂದಕ್ಷರವನ್ನೂ ತಿದ್ದುವಂತಿಲ್ಲ. ಮಧ್ಯಾಹ್ನ ನೋಡಿದರೆ ಮೂರನೆಯ ಅಧ್ಯಾಯದಲ್ಲಿ ಎರಡು ಸರೋವರಗಳ ಅಂಕಿಗಳು ಅದಲುಬದಲಾಗಿವೆ, ತೀರ್ಮಾನವೇ ತಲೆಕೆಳಗು.

"ಬಿಡೇ, ಆ ಅಧ್ಯಾಯ ಅವಳಮ್ಮನೂ ಓದಲ್ಲ," ಎಂದ ಸಹೋದ್ಯೋಗಿ ಟೊರ್ಕೆಲ್.

ಆದರೂ ತುವಾಗೆ ಹೇಳಿದೆ.

"ಈಗ ಹೇಳ್ತೀಯಲ್ಲೇ ಸಿಗ್ರೂನ್! ನಾಳೆಗೆ ಅಂತ ಅಪ್ಪ ಆಗಲೇ ಊರಲ್ಲಿ, ಕಿರುನಾದಲ್ಲಿ, ರೈಲು ಹತ್ತಿಯಾಯ್ತು, ಸುತ್ತಿಗೆ ಸಮೇತ."

ಅವಳು ಅಳಲಿಲ್ಲ. ಪದವಿ ತಡವಾದರೆ ಜೂನ್ ಮೊದಲಿಗೆ ಸೇರಬೇಕಾದ ಕೆಲಸ ಅವಳ ಕೈತಪ್ಪಬಹುದು; ನನ್ನದೇನೂ ತಪ್ಪುವುದಿಲ್ಲ. ಪ್ರಾಮಾಣಿಕತೆ ನನಗೆ ತೀರಾ ಅಗ್ಗವಾಗಿ ಸಿಕ್ಕಿತೇ ಎಂದು ಆಗಿನಿಂದ ಕೇಳಿಕೊಳ್ಳುತ್ತಿದ್ದೇನೆ. ಹೊರಡುವಾಗ ಅವಳೇ, "ಬೆಳಿಗ್ಗೆ ಬೇಗ ಬಾ, ಕೂತು ಸರಿಮಾಡೋಣ. ಕಾಫಿ ಮಾತ್ರ ನಿಂದು," ಎಂದಳು.

ತೀರ್ಮಾನ ಮತ್ತೆ ಬರೆದು, ಪ್ರಬಂಧ ಮತ್ತೆ ಮುದ್ರಿಸಿ, ಮೊಳೆ ಹೊಡೆಯುವುದು ಇನ್ನು ಮೇ ೨೧ಕ್ಕೆ.